600 ರೂಪಾಯಿ ಶಿಬಿರ: ಮೊದಲ ದಿನ ಹೋಗದಿದ್ದರೂ ನಡೆಯುತ್ತದೆ, ಎರಡನೇ ದಿನ ತಪ್ಪಿಸಬೇಡಿ

ತಿಪಟೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಹೆಸರಿಗೆ ಮಾತ್ರ, ಹೊಟ್ಟೆ ತುಂಬಿಸುವುದು ಆನ್‌ಲೈನ್ ಅರ್ಜಿಗಳು. ಸ್ಕಾಲರ್‌ಶಿಪ್, ಟಿಇಟಿ (ಮೇಷ್ಟ್ರಾಗೋಕೆ ಬರೆಯುವ ಅರ್ಹತಾ ಪರೀಕ್ಷೆ), ಬಿ.ಎಡ್. ಸೀಟು, ಎಲ್ಲಾ ಫಾರಂ ನಾನೇ ತುಂಬುತ್ತೇನೆ. ಹಾಗಾಗಿ 9ನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು "ಮಾಮ, ನಾನು ಟೀಚರ್ ಆಗ್ತೀನಿ" ಅಂದಾಗ, "ಇದೆಲ್ಲ ನಿಂಗೇ ಗೊತ್ತಲ್ಲಪ್ಪಾ, ನೀನೇ ಕರ್ಕೊಂಡು ಹೋಗು" ಅಂತ ಅಕ್ಕ ನನ್ನ ತಲೆಗೆ ಕಟ್ಟಿದಳು.

ಹೋಗಿದ್ದು ಎರಡು ದಿನದ ಶಿಬಿರಕ್ಕೆ. 7ರಿಂದ 10ನೇ ಕ್ಲಾಸಿನ ಮಕ್ಕಳಿಗೆ ಮುಂದೆ ಏನು ಓದಬಹುದು, ಮೇಷ್ಟ್ರಾಗಬೇಕು ಅಂದರೆ ಏನು ಮಾಡಬೇಕು ಅಂತ ಹೇಳಿಕೊಡುತ್ತಾರೆ. ಫೀಸು 600, ಊಟ ಸೇರಿ. ನಡೆಸುವವರ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಮುಂದೆ ಬೈಗುಳವೂ ಇದೆ.

ಮೊದಲ ದಿನ ಒಂದೂವರೆ ಗಂಟೆ ಭಾಷಣ. ದೊಡ್ಡ ಕನಸು ಕಾಣಿ, ಎದ್ದು ನಿಲ್ಲಿ, ಚಪ್ಪಾಳೆ ತಟ್ಟಿ. ಕೂತಿದ್ದ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮೀಡಿಯಂ, ಪರದೆ ಮೇಲೆ ಬಂದಿದ್ದೆಲ್ಲ ಇಂಗ್ಲಿಷ್. ಡಾಕ್ಟರಿಗೆ ಒಂದು ಸ್ಲೈಡು, ಪೈಲಟ್ಟಿಗೆ ಒಂದು ಸ್ಲೈಡು. ಮೇಷ್ಟ್ರ ಕೆಲಸ ಕಟ್ಟಕಡೆಗೆ 'ಇತರೆ' ಅನ್ನೋ ಸಾಲಿನಲ್ಲಿ ಸಿಕ್ಕಿತು. ಸಂಜೆ ನೀಟ್ ಫೌಂಡೇಶನ್ ಕ್ಲಾಸಿಗೆ ಸೀಟು ಬುಕ್ ಮಾಡಿ ಅಂತ ಶುರು ಹಚ್ಚಿಕೊಂಡರು. ನಾನು ಟೀ ಕುಡಿಯೋಕೆ ಎದ್ದು ಬಂದೆ.

ಎರಡನೇ ದಿನವೂ ಹೀಗೇ ಅಂದುಕೊಂಡು ಅರೆಮನಸ್ಸಿನಿಂದಲೇ ಹೋದೆ. ಅವತ್ತು ಭಾಷಣ ಇರಲಿಲ್ಲ. ಪಕ್ಕದ ಶಾಲೆಯ 6ನೇ ಕ್ಲಾಸಿನ ಮಕ್ಕಳನ್ನು ಕರೆಸಿದ್ದರು. ಶಿಬಿರದ ಒಬ್ಬೊಬ್ಬರೂ ಅವರಿಗೆ 20 ನಿಮಿಷ ಪಾಠ ಮಾಡಬೇಕು. ಹಿಂದಿನ ದಿನವೇ ವಿಷಯ ಕೊಟ್ಟಿದ್ದರಂತೆ. ನಮ್ಮ ಹುಡುಗಿಗೆ ಬಂದಿದ್ದು ಭಿನ್ನರಾಶಿ.

ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ ಅಂತ ಕೇಳಿದಳು. ಅರ್ಧ ಕ್ಲಾಸು "ನಾಲ್ಕು" ಅಂತ ಕೂಗಿತು. ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ವಾ, ಅವರ ಲೆಕ್ಕ ಅದು. ಬೋರ್ಡಿನ ಮೇಲೆ ಏನೋ ಗೀಚಿದಳು, ಅಳಿಸಿದಳು, ಒಂದು ನಿಮಿಷ ಸುಮ್ನೆ ನಿಂತಳು. ನನಗೇ ಬೆವರು. ಆಮೇಲೆ ಜಡೆಗೆ ಕಟ್ಟಿದ್ದ ರಿಬ್ಬನ್ ಬಿಚ್ಚಿ ಇಬ್ಬರು ಹುಡುಗರ ಕೈಗೆ ಕೊಟ್ಟಳು. ಮೊದಲು ಮೂರು ಮಡಿಕೆ, ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು. ಬಿಚ್ಚಿ ನಾಲ್ಕು ಮಡಿಕೆ, ಇನ್ನೊಂದು ಗುರುತು. ಒಬ್ಬ ಹುಡುಗ ಬಗ್ಗಿ ನೋಡಿ, "ಅಕ್ಕಾ, ಐದು ಮಾಡಿದ್ರೆ ಇನ್ನೂ ಚಿಕ್ಕದಾಗುತ್ತಾ?" ಅಂದ. "ನೀನೇ ಮಾಡಿ ನೋಡು" ಅಂದಳು. ಇದನ್ನು ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

ಪಾಠ ಮುಗಿದ ಮೇಲೆ ಹಿಂದೆ ಕೂತು ನೋಡುತ್ತಿದ್ದ ರಿಟೈರ್ಡ್ ಮೇಡಂ ಒಬ್ಬರು ಹತ್ತಿರ ಕರೆದರು. ಭೇಷ್ ಅನ್ನಲಿಲ್ಲ. "ಎಷ್ಟು ಮಕ್ಕಳನ್ನ ಮಾತಾಡಿಸ್ದೆಯಮ್ಮಾ?" ಅಂತ ಕೇಳಿದರು. ಇವಳು ಬೆರಳು ಮಡಿಚಿ ಎಣಿಸಿದಳು, ಆರು ಜನ. ಆರೂ ಮುಂದಿನ ಎರಡು ಬೆಂಚಿನವರೇ. "ಬಲಗಡೆ ಕಿಟಕಿ ಹತ್ರ ಇರೋ ಹುಡುಗಿ ನಿನ್ನ ನೋಡ್ತಾನೇ ಇದ್ಳು, ನೀನು ಒಂದು ಸಲನೂ ಆ ಕಡೆ ತಿರುಗಲಿಲ್ಲ" ಅಂದರು. ಇವಳ ಮುಖ ಸಣ್ಣದಾಯಿತು. ಮಧ್ಯಾಹ್ನ ಇನ್ನೊಂದು ಸಲ ಪಾಠಕ್ಕೆ ಬಿಟ್ಟಾಗ ಮೊದಲು ಕಿಟಕಿ ಹತ್ತಿರವೇ ಹೋದಳು. ನನ್ನ 600 ರೂಪಾಯಿ ಅಲ್ಲಿಗೇ ವಸೂಲಾಯಿತು.

ಇನ್ನು ಕೊನೆಯಲ್ಲಿ ಕೊಟ್ಟ ಹಾಳೆ. ಟೀಚರ್ ಆಗುವ ದಾರಿ ಅಂತ ಹೆಡ್ಡಿಂಗು, ಒಳಗೆ ಹಳೇ ಮಾಹಿತಿ. ಬಿ.ಎಡ್. ಒಂದು ವರ್ಷ ಅಂತ ಬರೆದಿದ್ದಾರೆ. 2015ರಿಂದ ಅದು ಎರಡು ವರ್ಷ. ಬಿ.ಎಡ್. ಇದ್ದರೆ 1ನೇ ಕ್ಲಾಸಿಗೂ ಪಾಠ ಮಾಡಬಹುದು ಅಂತಿದೆ. ಅದು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದೇ ಹೇಳಿದೆ. 1ರಿಂದ 5ಕ್ಕೆ ಡಿ.ಎಲ್.ಎಡ್. ಬೇಕು, ಅಂದರೆ ಚಿಕ್ಕ ಕ್ಲಾಸಿನ ಮೇಷ್ಟ್ರಾಗೋರಿಗೆ ಇರುವ ಡಿಪ್ಲೊಮಾ. ನಮ್ಮ ಕಡೆ ಈಗಲೂ ಎಲ್ಲರೂ ಅದನ್ನು ಡಿ.ಎಡ್. ಅಂತಲೇ ಕರೆಯುತ್ತಾರೆ. ಇದು ಗೊತ್ತಿಲ್ಲದೆ ಬಿ.ಎಡ್. ಮುಗಿಸಿಕೊಂಡು ಬಂದು, 1ರಿಂದ 5ನೇ ಕ್ಲಾಸಿನ ಮೇಷ್ಟ್ರಿಗೆ ಅಂತಲೇ ಇರುವ ಟಿಇಟಿ ಮೊದಲನೇ ಪೇಪರಿಗೆ ಫಾರಂ ತುಂಬಿ ಅನ್ನುವವರನ್ನು ನಾನು ಅಂಗಡಿಯಲ್ಲಿ ನೋಡುತ್ತಿರುತ್ತೇನೆ. ಹೇಳುವಾಗ ಬೇಜಾರಾಗುತ್ತದೆ.

ಹಾಳೆಯಲ್ಲಿ ಬಿಟ್ಟೇ ಹೋಗಿದ್ದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಆರ್‌ಐಇ. 1963ರಿಂದ ಇದೆ. ಸಾಮಾನ್ಯವಾಗಿ ಮೂರು ವರ್ಷ ಡಿಗ್ರಿ, ಆಮೇಲೆ ಎರಡು ವರ್ಷ ಬಿ.ಎಡ್. ಅಂದರೆ 5 ವರ್ಷ. ಅಲ್ಲಿ ಪಿಯುಸಿ ಆದ ಮೇಲೆ ಎರಡೂ ಸೇರಿ 4 ವರ್ಷಕ್ಕೆ ಮುಗಿಯುತ್ತದೆ. ಅದಕ್ಕೆ ಎನ್‌ಸಿಇಟಿ ಅನ್ನೋ ಎಂಟ್ರೆನ್ಸ್ ಬರೆಯಬೇಕು, ಕನ್ನಡದಲ್ಲೂ ಬರೆಯಬಹುದು. ಹಳ್ಳಿ ಮಕ್ಕಳಿಗೆ ಇದಕ್ಕಿಂತ ಬೇಕಾದ ಮಾಹಿತಿ ಯಾವುದಿದೆ? ತಪ್ಪು ತೋರಿಸಿದೆ, "ಮುಂದಿನ ಬ್ಯಾಚಿಗೆ ಸರಿ ಮಾಡ್ತೀವಿ ಸಾರ್" ಅಂದರು. ನೋಡೋಣ.

ಊಟ ಪರವಾಗಿಲ್ಲ, ಚಿತ್ರಾನ್ನಕ್ಕೆ ಉಪ್ಪು ಜಾಸ್ತಿ. ಹೆಣ್ಣುಮಕ್ಕಳ ಟಾಯ್ಲೆಟ್ ಶುಚಿಯಾಗಿತ್ತು ಅಂತ ಹುಡುಗಿ ಹೇಳಿದಳು.

ಎರಡನೇ ದಿನಕ್ಕೆ ಮಾತ್ರ 300 ತಗೊಳ್ತೀರಾ ಅಂತ ಕೇಳಿದೆ. ಆಗಲ್ಲವಂತೆ. ಶಿಬಿರಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಅದೂ ಆ ಮೇಡಂ ಇದ್ದರೆ ಮಾತ್ರ. ಆ ಹಾಳೆಯನ್ನು ನಾನೇ ತಿದ್ದಿ ಟೈಪ್ ಮಾಡಿಟ್ಟಿದ್ದೇನೆ. ಬೇಕಾದವರು ಅಂಗಡಿಗೆ ಬನ್ನಿ, ಇದೊಂದರ ಝೆರಾಕ್ಸಿಗೆ ದುಡ್ಡು ಬೇಡ.