ಪಾಯ್ಸನ್ ಓಕ್ ತಗುಲಿದರೆ ಕೊಬ್ಬರಿ ಎಣ್ಣೆ ಹಚ್ಚಬೇಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದು ಶನಿವಾರ ಬಂತೆಂದರೆ ಬೆಟ್ಟ ಹತ್ತುವವರು ಇದನ್ನು ಓದಿ. ನಾನು ಮಾಡಿದ್ದನ್ನು ಮಾತ್ರ ಮಾಡಬೇಡಿ.

ಜನವರಿಯಲ್ಲಿ ಸಾಂತಾ ಕ್ರೂಜ್ ಬೆಟ್ಟಗಳ ಕಡೆ ಹೋಗಿದ್ದೆವು. ಪಾಯ್ಸನ್ ಓಕ್ ಅಂದರೆ ಮುಟ್ಟಿದರೆ ತುರಿಕೆ, ಗುಳ್ಳೆ ಏಳಿಸುವ ಇಲ್ಲಿನ ಕಾಡುಗಿಡ, ಎಲೆ ಮೂರು ಮೂರಾಗಿ ಇರುತ್ತವೆ. ಮೂರೆಲೆ ಕಂಡರೆ ಮುಟ್ಟಬಾರದು ಅನ್ನೋದು ಇಲ್ಲಿಗೆ ಬಂದ ವರ್ಷವೇ ಬಾಯಿಪಾಠವಾಗಿತ್ತು. ಆದರೆ ಚಳಿಗಾಲದಲ್ಲಿ ಆ ಗಿಡಕ್ಕೆ ಎಲೆಯೇ ಇರಲ್ಲ ಅಂತ ನನಗೇನು ಗೊತ್ತು? ದಾರಿ ಪಕ್ಕ ಬೂದುಬಣ್ಣದ ಬೋಳು ಕಡ್ಡಿ, ಹೆಬ್ಬೆರಳು ದಪ್ಪ, ನೆಟ್ಟಗಿತ್ತು. ಮುರಿದು ಊರುಗೋಲು ಮಾಡಿಕೊಂಡೆ. ಅದೇ ಕೈಯಲ್ಲಿ ಎರಡು ಗಂಟೆ ಮುಖದ ಬೆವರೂ ಒರೆಸಿಕೊಂಡೆ.

ಮನೆಗೆ ಬಂದು ನೋಡಿದರೆ ಬೆರಳ ಸಂದಿಯಲ್ಲಿ ಕಪ್ಪು ಕಲೆ, ಮಾವಿನ ಸೊನೆ ಒಣಗಿದ ಹಾಗೆ. ಹಲಸಿನ ಮೇಣಕ್ಕೆ ಎಣ್ಣೆ, ಸೊನೆಗೂ ಎಣ್ಣೆ ಅಂತ ಬೆಳೆದವಳು ನಾನು. ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಮೊಣಕೈವರೆಗೂ ತಿಕ್ಕಿದೆ, ಕೆನ್ನೆಗೂ ಸವರಿದೆ. (ಮಾವು, ಗೇರು, ಪಾಯ್ಸನ್ ಓಕ್ ಮೂರೂ ಒಂದೇ ಕುಟುಂಬವಂತೆ. ನೆಂಟಸ್ತಿಕೆ ಸರಿಯಾಗಿಯೇ ಹಿಡಿದಿದ್ದೆ, ಮದ್ದು ತಪ್ಪಿತು.) ಆ ಗಿಡದ ವಿಷವೇ ಒಂದು ಎಣ್ಣೆ, ಹೆಸರು ಉರುಶಿಯಾಲ್. ಎಣ್ಣೆಗೆ ಎಣ್ಣೆ ಸೇರಿದರೆ ಅದು ಕರಗಿ ಹರಡುತ್ತದೆ, ಹೋಗುವುದಿಲ್ಲ.

ಎರಡು ದಿನ ಏನೂ ಇಲ್ಲ. ಮೂರನೇ ದಿನ ಕೈಮೇಲೆ ಸಾಲುಸಾಲು ಗುಳ್ಳೆ, ಎಡಗಣ್ಣು ಮುಚ್ಚಿಹೋಯಿತು. ಪರಿಚಯದವರೊಬ್ಬರು ನಿಂಬೆರಸ, ಅಡುಗೆ ಸೋಡಾ ಅಂದರು. ಒಡೆದ ಗುಳ್ಳೆಗೆ ನಿಂಬೆ! ಬಚ್ಚಲಲ್ಲಿ ನಿಂತು ಅತ್ತಿದ್ದೇನೆ. ಡಾಕ್ಟರ್ ಹತ್ತಿರ ಹೋದಾಗ ಅರಿಶಿನದಿಂದಾಗಿ ಚರ್ಮ ಎಲ್ಲಿ ಕೆಂಪಾಗಿದೆ ಅಂತಲೇ ಅವರಿಗೆ ಕಾಣಲಿಲ್ಲ. ಮೂರು ವಾರ ಸ್ಟೆರಾಯ್ಡ್ ಮಾತ್ರೆ ನುಂಗಿದೆ. ಮುಖ, ಕಣ್ಣು ಊದಿದರೆ ಮನೆಮದ್ದು ಬಿಟ್ಟು ಅವತ್ತೇ ಹೋಗಿ.

ಮಾಡಬೇಕಿದ್ದದ್ದು ಇಷ್ಟೇ: ಪಾತ್ರೆ ತೊಳೆಯುವ ಸೋಪು, ತಣ್ಣೀರು, ಒರಟು ಬಟ್ಟೆ. ಬಟ್ಟೆ ಮುಖ್ಯ. ಗ್ರೀಸ್ ಹತ್ತಿದ ಕೈ ಬರೀ ನೀರು ಸುರಿದರೆ ಶುದ್ಧವಾಗುತ್ತಾ? ಉಜ್ಜಿ, ತೊಳೆದು, ಮತ್ತೆ ಉಜ್ಜಬೇಕು. ಕಾರು ಹತ್ತುವ ಮೊದಲೇ, ಹತ್ತು ನಿಮಿಷದೊಳಗಾದರೆ ಬಹಳ ಒಳ್ಳೆಯದು. ಈಗ ಒಂದು ಸಣ್ಣ ಬಾಟಲಿ ಸೋಪು ಕಾರಿನಲ್ಲೇ ಇರುತ್ತದೆ. ಬ್ಲೀಚ್ ಹಚ್ಚಿ ಅನ್ನುವವರೂ ಇದ್ದಾರೆ, ದಯವಿಟ್ಟು ಬೇಡ.

ಮಾತ್ರೆ ಮುಗಿಯಿತು, ಗುಳ್ಳೆ ಒಣಗಿತು. ವಾರ ಕಳೆದು ಮತ್ತೆ ಅಂಗೈ ಪಕ್ಕದಲ್ಲಿ ತುರಿಕೆ. ಗುಳ್ಳೆಯ ನೀರಿನಿಂದ ಇದು ಹರಡುವುದಿಲ್ಲ ಅಂತ ಡಾಕ್ಟರ್ ಹೇಳಿದ್ದರು. ಹಾಗಾದರೆ ಎಲ್ಲಿಂದ? ಶೂ ಲೇಸ್ ಒಗೆದೆ, ಸ್ಟೀರಿಂಗ್ ಒರೆಸಿದೆ, ಬ್ಯಾಗಿನ ಪಟ್ಟಿಯನ್ನೂ ಬಿಡಲಿಲ್ಲ. ಆಮೇಲೆ ಗರಾಜಿನ ಮೂಲೆಯಲ್ಲಿ ಕಂಡಿತು: ಮಗ ಚೆನ್ನಾಗಿದೆಯೆಂದು ಡಿಕ್ಕಿಯಲ್ಲಿ ತಂದಿಟ್ಟಿದ್ದ ಅದೇ ಊರುಗೋಲು. ಹಿಂದಿನ ವಾರ ಗುಡಿಸುವಾಗ ನಾನೇ ಅದನ್ನು ಎತ್ತಿ ಬದಿಗಿಟ್ಟಿದ್ದೆ. ನಮ್ಮವರು ಹಿತ್ತಿಲಲ್ಲಿ ಸುಟ್ಟುಬಿಡೋಣ ಅಂತ ಬೆಂಕಿಪೊಟ್ಟಣ ಹುಡುಕುತ್ತಿದ್ದರು. ಅದರ ಹೊಗೆ ಎದೆಗೆ ಹೋದರೆ ಆಸ್ಪತ್ರೆಯೇ ಗತಿ. ಕೂಗಿ ನಿಲ್ಲಿಸಿ, ಗ್ಲೌಸ್ ಹಾಕಿ, ಎರಡು ಚೀಲದಲ್ಲಿ ಸುತ್ತಿ ಕಸಕ್ಕೆ ಕಳಿಸಿದೆ. ಗ್ಲೌಸೂ ಅದರ ಜೊತೆಗೇ ಹೋಯಿತು.