ಬರವಣಿಗೆ, ಸಂಶೋಧನೆ, ಮಂಡನೆ: ಪದವಿ ಕೋರ್ಸ್‌ಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು

ಪದವಿ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ಬರವಣಿಗೆ, ಸಂಶೋಧನೆ ಮತ್ತು ಮೌಖಿಕ ಮಂಡನೆ ಕಲಿಸುವ ಕೋರ್ಸ್‌ಗಳು ಪಠ್ಯಕ್ರಮದ ಹಾಳೆಯಲ್ಲಿ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಎರಡು ಕಡೆ: ಕರಡು ಎಷ್ಟು ಸಲ ತಿದ್ದಿಸಿಕೊಂಡು ವಾಪಸ್ ಬರುತ್ತದೆ, ಮೂರೂ ಭಾಗಕ್ಕೆ ವಿಷಯ ಒಂದೇನಾ. ಒಂದಕ್ಕೆ ಪ್ರಬಂಧ, ಇನ್ನೊಂದಕ್ಕೆ ಸಮೀಕ್ಷೆ, ಮತ್ತೊಂದಕ್ಕೆ ಯಾವುದೋ ಭಾಷಣ ಎಂದು ವಿಷಯ ಬದಲಾಗುತ್ತಿದ್ದರೆ ಯಾವುದೂ ಆಳಕ್ಕೆ ಇಳಿಯುವುದಿಲ್ಲ.

ಬರವಣಿಗೆಯ ಭಾಗದಲ್ಲಿ ವ್ಯಾಕರಣಕ್ಕೇ ಅರ್ಧ ಸೆಮಿಸ್ಟರ್ ಕಳೆಯುವ ಕೋರ್ಸ್ ಬೇಡ. ಪೀಠಿಕೆ ಬರೆಯುವುದಕ್ಕೆ ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ಹೆಜ್ಜೆಗಳು ಈಗಲೂ ಚೆನ್ನಾಗಿ ಕೆಲಸ ಮಾಡುತ್ತವೆ: ಕ್ಷೇತ್ರದ ಮಹತ್ವ, ಅಲ್ಲಿ ಉಳಿದಿರುವ ಕೊರತೆ, ಈ ಬರಹ ಅದಕ್ಕೆ ಏನು ಮಾಡುತ್ತದೆ. ವಿದ್ಯಾರ್ಥಿಗಳು ಎಡವುವುದು ಎರಡನೆಯದರಲ್ಲಿ. ನಾಲ್ಕು ಲೇಖನ ಓದಿ ‘ಈ ಬಗ್ಗೆ ಯಾರೂ ಅಧ್ಯಯನ ಮಾಡಿಲ್ಲ’ ಎಂದು ಬರೆದುಬಿಡುತ್ತಾರೆ. ಇನ್ನು ಅಂಕ ಮತ್ತು ಟಿಪ್ಪಣಿ ಒಟ್ಟಿಗೆ ಕೊಟ್ಟರೆ ಅಂಕ ನೋಡಿ ಹಾಳೆ ಮಡಚಿಡುವವರೇ ಹೆಚ್ಚು. ಮೊದಲ ಕರಡಿಗೆ ಟಿಪ್ಪಣಿ ಮಾತ್ರ ಕೊಟ್ಟು, ಎರಡನೆಯದರ ಜೊತೆ ಏನೇನು ಬದಲಿಸಿದಿರಿ, ಏಕೆ ಎಂಬ ಅರ್ಧ ಪುಟದ ವಿವರಣೆ ಕೇಳುವ ಕ್ರಮ ಎಷ್ಟೋ ವಾಸಿ.

ಸಂಶೋಧನೆಯ ಭಾಗವೇ ಈ ಕೋರ್ಸ್‌ಗಳ ತಿರುಳು. ‘ಮೊಬೈಲ್ ಬಳಕೆಯ ಪರಿಣಾಮ’ ಎನ್ನುವುದು ಪ್ರಶ್ನೆಯಲ್ಲ, ಬರೀ ವಿಷಯ. ‘ಮಲಗುವ ಮುಂಚಿನ ಒಂದು ಗಂಟೆ ಫೋನ್ ನೋಡುವ ಮೊದಲ ವರ್ಷದ ವಿದ್ಯಾರ್ಥಿಗಳು, ನೋಡದವರಿಗಿಂತ ಕಡಿಮೆ ನಿದ್ರಿಸುತ್ತಾರೆಯೇ?’ ಎಂಬುದು ಪ್ರಶ್ನೆ. ಇಷ್ಟು ಕಿರಿದಾಗುವವರೆಗೆ ಒಳ್ಳೆಯ ಮೇಷ್ಟ್ರು ಬಿಡುವುದಿಲ್ಲ. ಹುಡುಕಾಟದ ದಾಖಲೆ ಕೇಳುತ್ತಾರೆಯೇ ನೋಡಿ: ಯಾವ ಪದ, ಯಾವ ದತ್ತಸಂಚಯ (ಡೇಟಾಬೇಸ್), ಎಷ್ಟು ಸಿಕ್ಕಿತು, ಯಾವುದನ್ನು ಏಕೆ ಬಿಟ್ಟಿರಿ. ಪ್ರಶ್ನಾವಳಿಯನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿ, ಬಂದ ಉತ್ತರವನ್ನು ‘ಯುವಜನರ ಅಭಿಪ್ರಾಯ’ ಎನ್ನುವುದು ಮಾಮೂಲಿ ತಪ್ಪು. ಐದಾರು ಮಂದಿಯ ಮೇಲೆ ಮೊದಲೇ ಪ್ರಯೋಗಿಸಿದರೆ ಗೊಂದಲದ ಪ್ರಶ್ನೆಗಳಾದರೂ ಸಿಕ್ಕಿಬೀಳುತ್ತವೆ.

ಉಲ್ಲೇಖದ ಅಲ್ಪವಿರಾಮಗಳನ್ನು ಬಾಯಿಪಾಠ ಮಾಡಿಸುವುದು ಕಾಲಹರಣ. ಆ ಕೆಲಸವನ್ನು ಆಕರಗಳ ಪಟ್ಟಿ ಜೋಡಿಸುವ ಝೊಟೆರೊ ಎಂಬ ತಂತ್ರಾಂಶ ಮಾಡುತ್ತದೆ, ಅದು ಉಚಿತ. ಆದರೆ ತಾನಾಗಿ ತುಂಬಿಕೊಂಡ ಮಾಹಿತಿಯಲ್ಲಿ ಸಂಪುಟ, ಪುಟಸಂಖ್ಯೆ ಬಿಟ್ಟುಹೋಗಿರಬಹುದು, ಕಣ್ಣಾಡಿಸಲೇಬೇಕು. ಎಐ ಚಾಟ್‌ಬಾಟ್ ಕೊಟ್ಟ ಆಕರಗಳಲ್ಲಿ ಇಲ್ಲದ ಲೇಖನಗಳೂ ಸೇರಿರಬಹುದು. ಪ್ರತಿಯೊಂದರ ಡಿಒಐ (ಲೇಖನಕ್ಕೆ ಅಂತರ್ಜಾಲದಲ್ಲಿರುವ ಕಾಯಂ ಗುರುತಿನ ಕೊಂಡಿ) ತೆರೆದು ನೋಡಿಸದ ಕೋರ್ಸ್ ಇವತ್ತಿಗೆ ಅಪೂರ್ಣ.

ಮಂಡನೆ ಬಹುತೇಕ ಕಡೆ ಕೊನೆಯ ವಾರದ ಶಾಸ್ತ್ರ. ಹತ್ತು ನಿಮಿಷದಲ್ಲಿ ಆರು ನಿಮಿಷ ಹಿನ್ನೆಲೆಗೇ ಹೋಗಿ, ಫಲಿತಾಂಶ ಓಡುತ್ತಾ ಮುಗಿಯುತ್ತದೆ. ಹಿನ್ನೆಲೆಗೆ ಎರಡೇ ನಿಮಿಷ ಎಂದು ಕಟ್ಟುಪಾಡು ಹಾಕಿ, ಸ್ಲೈಡಿನ ತಲೆಯಲ್ಲಿ ‘ಫಲಿತಾಂಶ’ ಎಂಬ ಪದದ ಬದಲು ಕಂಡುಕೊಂಡದ್ದನ್ನೇ ಪೂರ್ಣ ವಾಕ್ಯವಾಗಿ ಬರೆಸಿದರೆ ಅರ್ಧ ತೊಂದರೆ ನೀಗುತ್ತದೆ. ಪ್ರಶ್ನೋತ್ತರಕ್ಕೂ ಅಂಕ ಇರಬೇಕು, ಬಾಯಿಪಾಠ ಬಯಲಾಗುವುದೇ ಅಲ್ಲಿ.

ಸೇರುವ ಮುಂಚೆ ತರಗತಿಯ ಗಾತ್ರ ಕೇಳಿ. 60 ಮಂದಿ, ತಲಾ ಎರಡು ಕರಡು, ಒಂದಕ್ಕೆ 20 ನಿಮಿಷ ಎಂದರೆ ಒಬ್ಬ ಮೇಷ್ಟ್ರಿಗೆ 40 ಗಂಟೆ ತಿದ್ದುವ ಕೆಲಸ. ಅಷ್ಟು ಬಿಡುವು ಅವರಿಗಿಲ್ಲದಿದ್ದರೆ ವಾಪಸ್ ಬರುವುದು ‘ಚೆನ್ನಾಗಿದೆ, ಇನ್ನಷ್ಟು ವಿವರಿಸಿ’ ಎಂಬ ಒಂದು ಸಾಲು.