ಲೀಸ್ ಕಾರು ವಾಪಸು ಕೊಟ್ಟ ಮೇಲೆ ಬಂದ 1,39,860 ರೂಪಾಯಿಯ ಬಿಲ್

ಮೂರು ವರ್ಷ ಲೀಸಿನಲ್ಲಿ ಓಡಿಸಿದ ಕಾರನ್ನು ಕಳೆದ ತಿಂಗಳು ವಾಪಸು ಕೊಟ್ಟೆ. ಆರನೇ ದಿನ ಇ-ಮೇಲ್ ಬಂತು: ಹೆಚ್ಚುವರಿ ಕಿಲೋಮೀಟರ್ ಶುಲ್ಕ 1,39,860 ರೂಪಾಯಿ, ಜಿಎಸ್‌ಟಿ ಬೇರೆ. ಓದಿ ಕೈಕಾಲು ತಣ್ಣಗಾಯಿತು. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬೆಂಗಳೂರಿನದು, ಇಂಥವು ಈಗ ಹಲವಾರಿವೆ, ಕರಾರುಗಳೂ ಹೆಚ್ಚುಕಡಿಮೆ ಒಂದೇ ಥರ. ಕೊಡಗಿನಲ್ಲಿದ್ದುಕೊಂಡು ಲೀಸ್ ಕಾರಿನ ಯೋಚನೆ ಮಾಡುತ್ತಿರುವವರು ಸಹಿ ಹಾಕುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಗೋಣಿಕೊಪ್ಪದಲ್ಲಿ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಆದವರು, ಸೊಂಟದ ಆಪರೇಷನ್ ಆಗಿ ಮಲಗಿದ ಹಿರಿಯರು, ಇವರೆಲ್ಲ ಕ್ಲಿನಿಕ್ಕಿಗೆ ಬರಲಾರರು. ನಾನೇ ಅವರ ಮನೆಗೆ ಹೋಗಬೇಕು. ಪೊನ್ನಂಪೇಟೆ, ಬಾಳೆಲೆ, ಶ್ರೀಮಂಗಲ, ಅಮ್ಮತ್ತಿ, ಕೆಲವೊಮ್ಮೆ ಕುಟ್ಟ. ಒಟ್ಟಿಗೆ ದುಡ್ಡು ಹಾಕಿ ಕಾರು ಕೊಳ್ಳುವ ಶಕ್ತಿ ಆಗ ಇರಲಿಲ್ಲ. ತಿಂಗಳಿಗೆ 19,800 ಬಾಡಿಗೆ, ಇನ್ಶೂರೆನ್ಸ್, ಸರ್ವಿಸ್, ಟೈರ್ ಎಲ್ಲ ಅವರದ್ದೇ, ಡೆಪಾಸಿಟ್ 40,000. ಅನುಕೂಲವೇ ಅನ್ನಿಸಿತು.

ಕಾರು ಕೊಡುವ ಮೊದಲು ಫೋನಿನಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಓಡಿಸ್ತೀರಿ ಮೇಡಂ?" ನಲವತ್ತು ಕಿ.ಮೀ. ಅಂದೆ. ಅವರು 365ರಿಂದ ಗುಣಿಸಿ, 14,600 ಆಗುತ್ತೆ, ವರ್ಷಕ್ಕೆ 15,000 ಕಿ.ಮೀ. ಪ್ಲಾನ್ ಸಾಕು ಅಂದರು. ಮೂರು ವರ್ಷಕ್ಕೆ 45,000. ಅದರಾಚೆ ಪ್ರತಿ ಕಿ.ಮೀ.ಗೆ 9 ರೂಪಾಯಿ.

ನಲವತ್ತು ಅಂದದ್ದು ಮನೆಭೇಟಿಯ ಲೆಕ್ಕ ಮಾತ್ರ. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ರೈಲು ಹತ್ತಬೇಕಾದರೂ, ದೊಡ್ಡ ಆಸ್ಪತ್ರೆಗಾದರೂ ಮೈಸೂರಿಗೇ ಹೋಗಬೇಕು. ತಿತಿಮತಿ, ಹುಣಸೂರಿನ ಮೇಲೆ ಹೋಗಿ ಬರುವಷ್ಟರಲ್ಲಿ ಮೀಟರ್ 180 ದಾಟಿರುತ್ತದೆ. ವಿಮಾನಕ್ಕೆ ಮಾಕುಟ್ಟದ ಘಾಟಿ ಇಳಿದು ಕಣ್ಣೂರು. ಮಳೆಗಾಲದಲ್ಲಿ ಮಣ್ಣು ಕುಸಿದು ಆ ದಾರಿ ಮುಚ್ಚಿದರೆ ಸುತ್ತು ಹಾಕಬೇಕು. 2018ರ ಆಗಸ್ಟಿನಲ್ಲಿ ಸಂಪಾಜೆ ದಾರಿ ಕಡಿದು ಹೋದಾಗ ಮಡಿಕೇರಿಯವರು ಮಂಗಳೂರಿಗೆ ಎಷ್ಟು ಬಳಸಿ ಹೋಗಬೇಕಾಯಿತು ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಏಪ್ರಿಲ್, ಮೇ ಬಂತೆಂದರೆ ಒಂದೇ ವಾರದಲ್ಲಿ ವಿರಾಜಪೇಟೆಯಲ್ಲೊಂದು ಮದುವೆ, ಮಡಿಕೇರಿಯಲ್ಲೊಂದು. ಇವು ಯಾವುವೂ "ದಿನಕ್ಕೆ ಎಷ್ಟು" ಅನ್ನುವ ಪ್ರಶ್ನೆಯೊಳಗೆ ಬರಲಿಲ್ಲ. ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲ ವರ್ಷ ರೋಗಿಗಳು ಕಡಿಮೆ, ಓಡಿದ್ದು 12,100 ಕಿ.ಮೀ. ಎರಡನೇ ವರ್ಷ ಅಮ್ಮನಿಗೆ ಕಾಯಿಲೆ. ಏಳು ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಮೈಸೂರಿಗೆ ಹೋಗಿ ಬಂದೆವು. ಅಮ್ಮ ಹಿಂದಿನ ಸೀಟಿನಲ್ಲಿ ದಿಂಬಿಟ್ಟುಕೊಂಡು ಮಲಗಿರುತ್ತಿದ್ದರು. ಆಗ ಮೀಟರ್ ಯಾರು ನೋಡುತ್ತಾರೆ? ಆ ವರ್ಷ 21,300. ಮೂರನೇ ವರ್ಷ ಶ್ರೀಮಂಗಲದ ಕಡೆ ರೋಗಿಗಳು ಹೆಚ್ಚಿ 24,240. ಒಟ್ಟು 57,640.

ಕಂಪನಿಯ ಒಳ್ಳೆಯದನ್ನೂ ಹೇಳಬೇಕು. ಒಂದು ಜುಲೈ ಸಂಜೆ, ಬಿಡದೆ ಸುರಿಯುವ ಮಳೆಯಲ್ಲಿ, ಬಾಳೆಲೆ ದಾಟಿದ ಮೇಲೆ ಕಾರು ನಿಂತುಬಿಟ್ಟಿತು. ಫೋನ್ ಮಾಡಿದ ಎರಡೂವರೆ ಗಂಟೆಯೊಳಗೆ ಎಳೆದುಕೊಂಡು ಹೋಗುವ ಗಾಡಿ ಬಂತು, ಮೂರನೇ ದಿನಕ್ಕೆ ಬದಲಿ ಕಾರೂ ಬಂತು. ಇನ್ಶೂರೆನ್ಸ್ ನವೀಕರಣಕ್ಕೆ ನಾನು ಒಂದು ದಿನವೂ ತಲೆಕೆಡಿಸಿಕೊಳ್ಳಲಿಲ್ಲ. ವಾಪಸು ಕೊಡುವಾಗ ಪರೀಕ್ಷೆಗೆ ಬಂದ ಹುಡುಗ ಸಭ್ಯ. ತೋಟದ ದಾರಿಯಲ್ಲಿ ಕಾಫಿ ಗಿಡದ ರೆಂಬೆ ಉಜ್ಜಿ ಎರಡೂ ಬದಿಗೆ ಸಣ್ಣ ಗೀರುಗಳಾಗಿದ್ದವು. "ಇದು ಓಡಿಸಿದ್ರೆ ಆಗೋದೇ ಅಕ್ಕ, ಇದಕ್ಕೆ ಹಾಕಲ್ಲ" ಅಂದ. ಹಿಂದಿನ ಬಂಪರ್ ಒಡೆದಿದ್ದಕ್ಕೆ ಮಾತ್ರ 6,500 ಬರೆದ. ಅದು ನಾನೇ ಗುದ್ದಿದ್ದು, ನ್ಯಾಯವೇ.

ಈಗ ಬಿಲ್ಲಿಗೆ ಬರೋಣ. 57,640ರಲ್ಲಿ 45,000 ಕಳೆದರೆ 12,640. ಒಂಬತ್ತರಿಂದ ಗುಣಿಸಿದರೆ 1,13,760. ಅವರ ಬಿಲ್ಲಿನಲ್ಲಿ 1,39,860 ಹೇಗೆ? ಎರಡು ರಾತ್ರಿ ಕೂತು ನೋಡಿದ ಮೇಲೆ ಹೊಳೆಯಿತು. ಅವರು ವರ್ಷ ವರ್ಷಕ್ಕೆ ಬೇರೆ ಬೇರೆ ಲೆಕ್ಕ ಹಾಕಿದ್ದರು. ಎರಡನೇ ವರ್ಷ 6,300 ಹೆಚ್ಚು, ಮೂರನೇ ವರ್ಷ 9,240 ಹೆಚ್ಚು, ಕೂಡಿದರೆ 15,540. ಮೊದಲ ವರ್ಷ ನಾನು ಓಡಿಸದೆ ಉಳಿಸಿದ 2,900 ಕಿ.ಮೀ.ಯನ್ನು ಬಿಟ್ಟೇ ಬಿಟ್ಟಿದ್ದರು. ಅಗ್ರಿಮೆಂಟ್ ತೆಗೆದು ಹದಿನಾಲ್ಕನೇ ಪುಟ ನೋಡಿದೆ. "ಲೀಸ್ ಅವಧಿಯ ಒಟ್ಟು ಮಿತಿ" ಎಂದೇ ಇದೆ. ಆ ಸಾಲಿಗೆ ಗೆರೆ ಎಳೆದು, ಫೋಟೋ ತೆಗೆದು ಕಳಿಸಿದೆ. ಕಾರು ಕೈಗೆ ಬಂದ ದಿನ ಮೀಟರ್ 38 ತೋರಿಸುತ್ತಿದ್ದ ಫೋಟೋವನ್ನೂ, ವಾಪಸು ಕೊಟ್ಟ ದಿನದ 57,678ರ ಫೋಟೋವನ್ನೂ ಸೇರಿಸಿದೆ. ನಾಲ್ಕು ಫೋನ್, ಹನ್ನೊಂದು ದಿನ. ಕೊನೆಗೆ ಬಿಲ್ ತಿದ್ದಿ ಕಳಿಸಿದರು. 26,100 ರೂಪಾಯಿ ಇಳಿಯಿತು. ಯಾರೂ ತಪ್ಪಾಯಿತು ಅನ್ನಲಿಲ್ಲ.

ನನಗೆ ನಿಜವಾಗಿ ನೋವಾದದ್ದು ಬೇರೆ ಕಾರಣಕ್ಕೆ. ಆ ಕಾರಿನಲ್ಲಿ ಅವರೇ ಹಾಕಿಸಿದ ಟ್ರ್ಯಾಕರ್ ಇತ್ತು. ಎಷ್ಟು ಓಡಿದೆ ಎಂದು ಅವರಿಗೆ ದಿನದಿನವೂ ಗೊತ್ತು. ಸರ್ವಿಸ್‌ಗೆ ಬಿಟ್ಟಾಗಲೂ ಮೀಟರ್ ಬರೆದುಕೊಳ್ಳುತ್ತಿದ್ದರು. ಬಾಡಿಗೆ ಎರಡು ದಿನ ತಡವಾದರೆ ಮೂರು ಮೆಸೇಜ್ ಬರುತ್ತಿತ್ತು. ನೀವು ಮಿತಿ ಮೀರುತ್ತಿದ್ದೀರಿ ಎಂದು ಮೂರು ವರ್ಷದಲ್ಲಿ ಒಂದೇ ಒಂದು ಮೆಸೇಜ್ ಬರಲಿಲ್ಲ. ಅದೇ ಅಗ್ರಿಮೆಂಟಿನ ಪ್ರಕಾರ ಮೊದಲ 18 ತಿಂಗಳೊಳಗೆ ಪ್ಲಾನ್ ಬದಲಿಸಿಕೊಳ್ಳಬಹುದಿತ್ತು. ಶುರುವಿನಲ್ಲೇ ವರ್ಷಕ್ಕೆ 20,000 ಕಿ.ಮೀ. ಪ್ಲಾನ್ ತೆಗೆದುಕೊಂಡಿದ್ದರೆ ತಿಂಗಳಿಗೆ 1,150 ಹೆಚ್ಚು, ಮೂರು ವರ್ಷಕ್ಕೆ 41,400, ಹೆಚ್ಚುವರಿ ಶುಲ್ಕ ಸೊನ್ನೆ. ನನಗೆ ಬಿದ್ದ 1,13,760ಕ್ಕೂ ಅದಕ್ಕೂ 72,360 ರೂಪಾಯಿ ಅಂತರ. ಅದು ನನ್ನ ಅಮ್ಮನ ಮೂರು ತಿಂಗಳ ಔಷಧಿಯ ದುಡ್ಡು.

ಶುಲ್ಕವೇ ಅನ್ಯಾಯ ಎಂದು ನಾನು ಹೇಳುವುದಿಲ್ಲ. ಮೂರು ವರ್ಷವಾದ ಮೇಲೆ ಕಾರು ಎಷ್ಟಕ್ಕೆ ಮಾರಿಹೋಗುತ್ತದೆ ಎಂದು ಮೊದಲೇ ಅಂದಾಜು ಮಾಡಿ ಬಾಡಿಗೆ ಕಟ್ಟುತ್ತಾರೆ. ಹೆಚ್ಚು ಓಡಿದ ಕಾರಿಗೆ ಬೆಲೆ ಇಳಿಯುತ್ತದೆ, ಆ ನಷ್ಟ ತುಂಬಿಸಿಕೊಳ್ಳುತ್ತಾರೆ. ಹಾಗಾಗಿಯೇ ಕೊನೆಯಲ್ಲಿ ಕಾರನ್ನು ನಾವೇ ಕೊಂಡುಕೊಂಡರೆ ನನ್ನ ಅಗ್ರಿಮೆಂಟಿನಲ್ಲಿ ಈ ಶುಲ್ಕ ಇರಲಿಲ್ಲ. ಅವರು ಹೇಳಿದ ಬೆಲೆ 5,60,000. ಅದನ್ನು ಹೇಳಿದ್ದು ಅವಧಿ ಮುಗಿಯಲು ಹತ್ತು ದಿನ ಇರುವಾಗ. ಹತ್ತು ದಿನದಲ್ಲಿ ಯಾವ ಬ್ಯಾಂಕು ನನಗೆ ಸಾಲ ಕೊಡುತ್ತದೆ? ಮೂರು ತಿಂಗಳು ಮೊದಲು ಹೇಳಿದ್ದರೆ ಆ ಕಾರು ಇವತ್ತು ನಮ್ಮ ಅಂಗಳದಲ್ಲಿರುತ್ತಿತ್ತು.

ಇನ್ನೊಂದು ಮಾತು. ಅವರು ಒಪ್ಪುವ ವರ್ಕ್‌ಶಾಪ್ ಮೈಸೂರಿನಲ್ಲಿ ಮಾತ್ರ. ಎಂಟು ಸಲ ಹೋಗಿ ಬಂದದ್ದು ಸುಮಾರು 1,490 ಕಿ.ಮೀ. ಆಯಿತು. ಅವರ ಕಾರನ್ನು ಅವರ ವರ್ಕ್‌ಶಾಪಿಗೆ ಒಯ್ದು ತಂದದ್ದಕ್ಕೂ ನಾನು ಕಿ.ಮೀ.ಗೆ 9 ರೂಪಾಯಿ ಕೊಟ್ಟೆ. ಇದನ್ನಾದರೂ ಬಿಡಿ ಎಂದು ಕೇಳಿದೆ. ಅಗ್ರಿಮೆಂಟಿನಲ್ಲಿ ಇಲ್ಲ ಮೇಡಂ ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಆದರೆ ಒಪ್ಪಿಗೆಯೂ ಇಲ್ಲ. ಕೊಡಗಿನವರು ಲೀಸ್ ತೆಗೆದುಕೊಳ್ಳುವುದಾದರೆ ಸರ್ವಿಸ್ ಎಲ್ಲಿ ಎಂದು ಮೊದಲು ಕೇಳಿ. ಹೋಗಿ ಬರುವ ಕಿ.ಮೀ. ಕಳೆಯುತ್ತೇವೆ ಎಂದು ಬರೆಸಿಕೊಳ್ಳಿ. ದಿನದ ಲೆಕ್ಕ ಹೇಳಬೇಡಿ, ಕಳೆದ ವರ್ಷ ಯಾವ ಯಾವ ಊರಿಗೆ ಎಷ್ಟು ಸಲ ಹೋದಿರಿ ಎಂದು ಕೂತು ಬರೆದು ಕೂಡಿಸಿ. ಮಿತಿ ಒಟ್ಟು ಅವಧಿಗೋ ವರ್ಷಕ್ಕೋ ಎಂಬ ಸಾಲನ್ನು ಬೆರಳಿಟ್ಟು ಓದಿ.

ಕಾರಿಗೂ ರಸ್ತೆಯ ಮೇಲಿನ ಸೇವೆಗೂ ಐದರಲ್ಲಿ ನಾಲ್ಕು ಕೊಡುತ್ತೇನೆ. ಲೀಸ್ ಮುಗಿಸಿದ ರೀತಿಗೆ ಒಂದೂವರೆ.

ಬಂಪರ್ ಸೇರಿಸಿ, ಡೆಪಾಸಿಟ್ ಕಳೆದು 80,260 ರೂಪಾಯಿ ಮತ್ತು ಜಿಎಸ್‌ಟಿ ಉಳಿಯಿತು. ಮೂರು ಕಂತಿಗೆ ಒಪ್ಪಿದ್ದಾರೆ, ಮೊದಲನೆಯದು ಕಟ್ಟಿದೆ. ಈಗ ನಮ್ಮ ಮನೆಯವರ ಹಳೆಯ ಜೀಪಿನಲ್ಲಿ ಮನೆಭೇಟಿಗೆ ಹೋಗುತ್ತೇನೆ. ಗೇರಿನ ಪಕ್ಕ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೇನೆ, ಊರು ಮತ್ತು ಕಿ.ಮೀ. ಬರೆಯಲು. ಈ ತಿಂಗಳು 22ನೇ ತಾರೀಖಿಗೆ 1,310 ಆಗಿದೆ.